ಓದುಗರ ಪ್ರಶ್ನೆ: ಒಂದೇ ವೈಪರ್ ನಿಂತರೆ ಮೋಟಾರ್ ಬದಲಿಸಬೇಕೆ?

ಪ್ರಶ್ನೆ: ನನ್ನದು ಒಂಬತ್ತು ವರ್ಷದ ಹಳೆಯ ಸಣ್ಣ ಕಾರು. ಕಳೆದ ವಾರ ಜಡಿಮಳೆಯಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದಾಗ ಚಾಲಕನ ಎದುರಿನ ವೈಪರ್ ನಿಂತುಹೋಯಿತು. ಎಡಗಡೆಯದು ಮಾತ್ರ ಎಂದಿನಂತೆ ಆಡುತ್ತಿತ್ತು. ಗ್ಯಾರೇಜಿನಲ್ಲಿ ಮೋಟಾರ್ ಹೋಗಿದೆ ಎನ್ನುತ್ತಾರೆ. ಬದಲಿಸಲೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಬೇಡ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಮುಂಗಾಜಿನ ಎರಡೂ ವೈಪರ್‌ಗಳನ್ನು ಆಡಿಸುವುದು ಒಂದೇ ಮೋಟಾರ್. ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳದಡಿ ಇರುವ ಲಿಂಕೇಜ್ ಸರಳುಗಳು ಅದರ ಚಲನೆಯನ್ನು ಎರಡೂ ಕಡೆಗೆ ಒಯ್ಯುತ್ತವೆ. ಎಡಗಡೆಯದು ಸರಾಗವಾಗಿ ಆಡುತ್ತಿದೆ ಎಂದ ಮೇಲೆ ಮೋಟಾರ್, ಫ್ಯೂಸ್, ಸ್ವಿಚ್ಚು ಮೂರೂ ಸರಿಯಾಗಿವೆ ಎಂದೇ ಲೆಕ್ಕ.

ನಿಂತಿರುವ ವೈಪರ್ ಆರ್ಮಿನ ಬುಡದಲ್ಲಿ ಒಂದು ಸಣ್ಣ ಟೋಪಿ ಇರುತ್ತದೆ. ಅದನ್ನು ಎಬ್ಬಿಸಿದರೆ ಒಳಗೆ ನಟ್ ಕಾಣುತ್ತದೆ. ವೈಪರ್ ಹಾಕುವಂತೆ ಇನ್ನೊಬ್ಬರಿಗೆ ಹೇಳಿ, ಕೈ ದೂರವಿಟ್ಟುಕೊಂಡು, ನಟ್ಟಿನ ನಡುವಿನ ಕಡ್ಡಿ ತಿರುಗುತ್ತಿದೆಯೇ ಎಂದು ನೋಡಿ. ಕಡ್ಡಿ ತಿರುಗುತ್ತಿದ್ದೂ ಆರ್ಮ್ ಅಲ್ಲಾಡದಿದ್ದರೆ ನಟ್ ಸಡಿಲಾಗಿದೆ, ಇಲ್ಲವೇ ಕಡ್ಡಿಯನ್ನು ಕಚ್ಚಿ ಹಿಡಿಯುವ ಆರ್ಮಿನೊಳಗಿನ ಹಲ್ಲುಗಳು ಸವೆದಿವೆ. ಕಡ್ಡಿಯೇ ತಿರುಗದಿದ್ದರೆ ಮುಚ್ಚಳದಡಿ ಲಿಂಕೇಜಿನ ಸರಳುಗಳನ್ನು ಜೋಡಿಸುವ ಪ್ಲಾಸ್ಟಿಕ್ ಬುಷ್ ಕಳಚಿರುವ ಸಂಭವವೇ ಹೆಚ್ಚು.

ನಿಮ್ಮದು ಮೊದಲನೆಯ ಬಗೆಯದೆಂದು ನನ್ನ ಊಹೆ. ಮಲೆನಾಡಿನಲ್ಲಿ ಮರದಡಿ ಕಾರು ನಿಲ್ಲಿಸಿದಾಗ ಒದ್ದೆ ತರಗೆಲೆ ಗಾಜಿನ ಬುಡದಲ್ಲಿ ಮುದ್ದೆಯಾಗಿ ಕೂತು ಆರ್ಮನ್ನು ತಡೆಯುತ್ತದೆ. ಅದನ್ನು ಗಮನಿಸದೆ ವೈಪರ್ ಹಾಕಿದರೆ ಮೋಟಾರ್ ಬಿಡದೆ ಎಳೆಯುತ್ತದೆ, ನಟ್ ಜಾರುತ್ತದೆ. ಸರಿಪಡಿಸುವ ಮೊದಲು ವೈಪರನ್ನು ಒಮ್ಮೆ ಹಾಕಿ ಆರಿಸಿ, ಕಡ್ಡಿ ತನ್ನ ಮೂಲಸ್ಥಾನಕ್ಕೆ ಬಂದ ನಂತರ ಕೀಲಿ ತೆಗೆಯಿರಿ. ಇಲ್ಲವಾದರೆ ಆರ್ಮ್ ತಪ್ಪು ಕೋನದಲ್ಲಿ ಕೂತು ಗಾಜಿನ ಅಂಚಿಗೆ ಬಡಿಯುತ್ತದೆ. ಆರ್ಮ್ ಕಳಚಿ ಅದರ ತೂತಿನೊಳಗೆ ನೋಡಿ: ಹಲ್ಲುಗಳ ನಡುವೆ ಬೂದುಬಣ್ಣದ ಲೋಹದ ಪುಡಿ ತುಂಬಿದ್ದರೆ ಅಲ್ಲಿ ಆರ್ಮ್ ಜಾರಿ ಸವೆದಿದೆ ಎಂದರ್ಥ. ತಂತಿಬ್ರಷ್ಷಿನಿಂದ ಉಜ್ಜಿದಾಗ ಹಲ್ಲು ಚೂಪಾಗಿ ಕಂಡರೆ ಮತ್ತೆ ಕೂರಿಸಿ ಬಿಗಿಯಿರಿ, ಖರ್ಚೇ ಇಲ್ಲ. ನುಣುಪಾಗಿದ್ದರೆ ಹೊಸ ಆರ್ಮ್ ಹಾಕಿಸಿ. ನಡುವೆ ತಗಡಿನ ಚೂರು ತುರುಕಿ ಬಿಗಿಯುವವರೂ ಇದ್ದಾರೆ. ಆ ಉಪಾಯ ಮುಂದಿನ ಘಾಟಿಯವರೆಗೂ ಬಾಳದು.

ಬುಷ್ ಕಳಚಿದ್ದರೆ ಒತ್ತಿ ಕೂರಿಸಬಹುದು, ಆದರೆ ಸವೆದ ಬುಷ್ ಮತ್ತೆ ಕಳಚುವುದರಿಂದ ಹೊಸದನ್ನೇ ಹಾಕಿಸುವುದು ಲೇಸು. ಅಲ್ಲಿಯವರೆಗೆ ಮಳೆಯಲ್ಲಿ ಕಾರು ತೆಗೆಯಬೇಡಿ.

ಪ್ರಶ್ನೆ: ಹೊಸ ಬ್ಲೇಡ್ ಹಾಕಿಸಿದರೂ ವೈಪರ್ ಗಾಜಿನ ಮೇಲೆ ಟಕಟಕನೆ ಕುಪ್ಪಳಿಸುತ್ತದೆ. ಬ್ಲೇಡೇ ಕಳಪೆಯೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬ್ಲೇಡನ್ನು ದೂರುವ ಮೊದಲು ಗಾಜನ್ನು ತೊಳೆಯಿರಿ. ಕಾರಿನ ಮೈಗೆ ಹಚ್ಚುವ ಪಾಲಿಶ್ ಮುಂಗಾಜಿಗೂ ತಾಗಿದ್ದರೆ ರಬ್ಬರ್ ಜಾರುತ್ತ, ಹಿಡಿಯುತ್ತ ಕುಪ್ಪಳಿಸುತ್ತದೆ. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ ಉಜ್ಜಿ, ಚೆನ್ನಾಗಿ ತೊಳೆದು, ರಬ್ಬರಿನ ಅಂಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೂ ಒಂದೇ ದಿಕ್ಕಿನಲ್ಲಿ ಹೋಗುವಾಗ ಮಾತ್ರ ಕುಪ್ಪಳಿಸಿದರೆ ಆರ್ಮ್ ತಿರುಚಿಕೊಂಡಿದೆ; ರಬ್ಬರ್ ಗಾಜಿಗೆ ನೇರವಾಗಿ ನಿಲ್ಲುವಂತೆ ಅದನ್ನು ಮೆಕ್ಯಾನಿಕ್ಕಿನಿಂದಲೇ ಬಗ್ಗಿಸಿಕೊಳ್ಳಿ.