ಪ್ರೀತಿಯಿಂದ ಮಾಡಿದ ಕೇಕ್ ತಿಂದು ಮೂರು ದಿನ ಮಲಗಿದೆ, ಅವಳಿಗೆ ಹೇಳಲೋ ಬೇಡವೋ?

ಪ್ರಶ್ನೆ: ನನಗೆ 34 ವರ್ಷ. ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಂಥದ್ದು ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ, ಇದೆ ಅಂತ ಗೊತ್ತಾಗಿ ಎರಡು ವರ್ಷವಾಯಿತು. ನಮ್ಮ ಮನೆಯಲ್ಲಿ ಗೋಧಿ ಪೂರ್ತಿ ಬಂದ್ ಮಾಡಿದ್ದೇವೆ, ಅಲ್ಲಿ ತೊಂದರೆಯಿಲ್ಲ. ಕಾಲೇಜಿನ ಕಾಲದ ಗೆಳತಿ ಕಳೆದ ಸಲ ನನಗೋಸ್ಕರವೇ ಅಕ್ಕಿ ಹಿಟ್ಟಿನಲ್ಲಿ ಕೇಕ್ ಮಾಡಿದ್ದಳು. ತಿಂದ ಮೇಲೆ ಮೂರು ದಿನ ಹೊಟ್ಟೆನೋವು, ಭೇದಿ, ಸುಸ್ತು. ಅವಳಿಗೆ ಮಾತ್ರ 'ಸೂಪರ್ ಆಗಿತ್ತು ಕಣೇ' ಅಂದುಬಿಟ್ಟೆ. ಆಮೇಲೆ ಅವಳು ಕರೆದಾಗಲೆಲ್ಲ ಏನೋ ಒಂದು ನೆಪ ಹೇಳುತ್ತಿದ್ದೇನೆ. ಅವಳಿಗೆ ಬೇಜಾರಾಗಿದೆ. ಮುಂದಿನ ತಿಂಗಳು ಅವಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರುತ್ತಿದ್ದಾರೆ. 'ಒಂಚೂರು ತಿಂದ್ರೆ ಏನಾಗುತ್ತೆ, ಅವಳ ಮನಸ್ಸು ನೋಯಿಸಬೇಡ' ಅನ್ನುತ್ತಾರೆ ನನ್ನ ಗಂಡ. ಏನು ಮಾಡಲಿ?

ಉತ್ತರ: ಹೇಳಿ. ಈ ವಾರವೇ ಹೇಳಿ. ನೀವು ಹೊಗಳಿದ್ದೀರಿ, ಹಾಗಾಗಿ ಅದೇ ಕೇಕ್ ಮುಂದಿನ ತಿಂಗಳೂ ಬರುತ್ತದೆ, ಇನ್ನೂ ದೊಡ್ಡದಾಗಿ ಬರುತ್ತದೆ. ಅವಳ ಲೆಕ್ಕದಲ್ಲಿ ಆ ಕೇಕ್ ನಿಮಗೆ ಒಗ್ಗುವ ತಿಂಡಿ. ಅದು ತಪ್ಪು ಅಂತ ಗೊತ್ತಿರುವುದು ನಿಮಗೊಬ್ಬರಿಗೇ.

ನಿಮ್ಮ ಯಜಮಾನರ 'ಒಂಚೂರು' ಎಷ್ಟು ಅಂತ ನೋಡೋಣ. ಒಂದು ಬ್ರೆಡ್ ಸ್ಲೈಸಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ (ಗೋಧಿಯಲ್ಲಿರುವ, ನಿಮಗೆ ಆಗದ ಪ್ರೋಟೀನ್) ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಸೀಲಿಯಾಕ್ ಇರುವ ಹೆಚ್ಚಿನವರಿಗೆ ದಿನಕ್ಕೆ 10 ಮಿಲಿಗ್ರಾಂ ಮೀರದಿದ್ದರೆ ಅಪಾಯ ಕಡಿಮೆ ಎನ್ನುವುದು ತಜ್ಞರ ಅಂದಾಜು. ಅಂದರೆ ಆ ಸ್ಲೈಸನ್ನು 200 ಚೂರು ಮಾಡಿದರೆ ಒಂದು ಚೂರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಿದ್ದಕ್ಕೇ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟಾಗಿತ್ತು. ಇನ್ನೊಂದು ವಿಷಯ, ಹೊಟ್ಟೆ ನೋಯಲಿಲ್ಲ ಅಂದರೆ ಕರುಳಿಗೆ ಏನೂ ಆಗಿಲ್ಲ ಅಂತಲ್ಲ. ಕೆಲವರಿಗೆ ಒಳಗೆ ಹಾನಿ ಆಗುತ್ತಿದ್ದರೂ ಹೊರಗೆ ಏನೂ ತೋರುವುದಿಲ್ಲ. ಇದನ್ನು ಯಜಮಾನರಿಗೆ ಒಮ್ಮೆ ಓದಿಸಿ. ನೀವು ನಖರಾ ಮಾಡುತ್ತಿಲ್ಲ ಅಂತ ಮನೆಯಲ್ಲೇ ಒಬ್ಬರು ನಂಬದಿದ್ದರೆ ಹೊರಗಿನವರಿಗೆ ಹೇಗೆ ಹೇಳುತ್ತೀರಿ?

ಈಗ ಕೇಕ್. ಅದರಿಂದಲೇ ಆಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ, ಹೊಟ್ಟೆ ಕೆಡುವುದಕ್ಕೆ ನೂರು ಕಾರಣ. ಆದರೆ ಅಕ್ಕಿ ಹಿಟ್ಟಿನ ಕೇಕಿಗೆ ಗೋಧಿ ಸೇರಿಕೊಳ್ಳುವ ದಾರಿಗಳು ಬೇಕಾದಷ್ಟಿವೆ. ಕೇಕ್ ಅಂಟಬಾರದು ಅಂತ ಟಿನ್ನಿಗೆ ಬೆಣ್ಣೆ ಸವರಿ, ಮೇಲೆ ಒಂದು ಚಮಚ ಮೈದಾ ಉದುರಿಸಿ, ಟಿನ್ನನ್ನು ತಿರುಗಿಸಿ ತಿರುಗಿಸಿ ತಟ್ಟುತ್ತಾರಲ್ಲ, ಅದು ಯಾವ ರೆಸಿಪಿಯ ಸಾಮಾನಿನ ಪಟ್ಟಿಯಲ್ಲೂ ಸರಿಯಾಗಿ ಬರೆದಿರುವುದಿಲ್ಲ, ಕೈಗೆ ರೂಢಿಯಾಗಿಬಿಟ್ಟಿರುವ ಕೆಲಸ. ಮೈದಾ ಜರಡಿ ಹಿಡಿಯುವ ಜರಡಿಯಲ್ಲೇ ಅಕ್ಕಿ ಹಿಟ್ಟನ್ನೂ ಜರಡಿ ಹಿಡಿದಿರಬಹುದು, ಆ ಸಣ್ಣ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಬ್ರೆಡ್ಡಿಗೆ ಸವರಿದ ಚಾಕುವನ್ನೇ ಮತ್ತೆ ಅದ್ದಿದ ಬೆಣ್ಣೆ ಡಬ್ಬಿ ಇರಬಹುದು. ಕೆಲವು ಬೇಕಿಂಗ್ ಪೌಡರಿಗೂ ಗೋಧಿ ಪಿಷ್ಟ ಬೆರೆಸಿರುತ್ತಾರೆ. ಅವಳು ಉದಾಸೀನ ಮಾಡಿದಳು ಅಂತಲ್ಲ. ಅಡುಗೆ ಚೆನ್ನಾಗಿ ಬರುವವರಿಗೇ ಇದು ಹೊಳೆಯುವುದು ಕಷ್ಟ, ಕೈ ತಾನಾಗಿ ಓಡುತ್ತದೆ.

ಮೆಸೇಜ್ ಬೇಡ, ಫೋನ್ ಮಾಡಿ. ಊಟದ ಹಿಂದಿನ ದಿನ ಅಲ್ಲ, ಈಗಲೇ. ಪೀಠಿಕೆ ಹಾಕಬೇಡಿ. ಸುಮ್ನೆ ಹೀಗೆ ಹೇಳಿ: 'ನೀನು ನನಗೋಸ್ಕರ ಕೇಕ್ ಮಾಡಿದ್ದೆಯಲ್ಲ, ಅದಾದ ಮೇಲೆ ನನಗೆ ಹುಷಾರು ತಪ್ಪಿತ್ತು ಕಣೇ. ನೀನು ನೊಂದ್ಕೋತೀಯ ಅಂತ ಹೇಳಲಿಲ್ಲ. ಅದಕ್ಕೇ ನಿಮ್ಮನೆಗೆ ಬರದೆ ತಪ್ಪಿಸಿಕೊಂಡು ಓಡಾಡ್ತಿದ್ದೆ. ನನಗೆ ನೀನು ಬೇಕು, ಊಟ ನಾನು ತಂದ್ಕೋತೀನಿ.' ಒಂದೆರಡು ನಿಮಿಷ ಅವಳಿಗೆ ಕಸಿವಿಸಿಯಾಗುತ್ತದೆ, ಆಗಲಿ ಬಿಡಿ. ನಿಮಗೆ ತನ್ನ ಮೇಲೆ ಏನೋ ಸಿಟ್ಟಿದೆ ಅಂತ ಇಷ್ಟು ದಿನ ತಲೆ ಕೆಡಿಸಿಕೊಂಡಿರುತ್ತಾಳೆ, ಅದಕ್ಕಿಂತ ಇದು ಎಷ್ಟೋ ವಾಸಿ.

'ಇಲ್ಲ, ನಾನೇ ಮಾಡ್ತೀನಿ' ಅಂತ ಅವಳು ಹಟ ಹಿಡಿದರೆ (ಹಿಡಿಯುತ್ತಾಳೆ ಅಂತ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ) ಕೇಕಿನಂಥದ್ದಕ್ಕೆ ಕೈ ಹಾಕಲು ಬಿಡಬೇಡಿ. ಸರಳವಾದದ್ದನ್ನು ಕೇಳಿ. ಬರೀ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ ತಿನ್ನುವುದಾದರೆ ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಹೆಚ್ಚದ ಇಡೀ ಹಣ್ಣು. ಮೈದಾ ಡಬ್ಬಿ ತೆರೆಯುವ ಮೊದಲು ನಿಮ್ಮ ಪಾಲಿನದು ಆಗಿಹೋಗಬೇಕು, ಯಾಕೆಂದರೆ ಹಿಟ್ಟು ಗಾಳಿಯಲ್ಲಿ ಹಾರಿ ಎಲ್ಲೆಲ್ಲೋ ಕೂರುತ್ತದೆ. ಸ್ಟೀಲ್ ಪಾತ್ರೆಯನ್ನು ಸೋಪು ಹಾಕಿ ಚೆನ್ನಾಗಿ ಉಜ್ಜಿ ತೊಳೆದರೆ ಸಾಕು, ಆದರೆ ಮರದ ಸೌಟು, ಜರಡಿ, ಟೋಸ್ಟರ್, ಬ್ರೆಡ್ ತುಂಡು ಕರಿದ ಎಣ್ಣೆ ಇವು ಬೇಡವೇ ಬೇಡ. 'ಚೆನ್ನಾಗಿ ಕುದಿಸಿದ್ದೀನಿ' ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಗ್ಲುಟೆನ್ ಕ್ರಿಮಿಯಲ್ಲ, ಕುದಿಸಿದರೆ ಸಾಯುವುದಕ್ಕೆ. ಸಾಸ್, ಸೂಪ್ ಪುಡಿ, ಮಸಾಲೆ ಹಾಕುವುದಾದರೆ ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಕಳಿಸಲು ಹೇಳಿ. ಸೋಯಾ ಸಾಸನ್ನೂ ಸಾಮಾನ್ಯವಾಗಿ ಗೋಧಿ ಸೇರಿಸಿಯೇ ಮಾಡುತ್ತಾರೆ, ಹೆಸರು ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನನ್ನನ್ನು ಕೇಳಿದರೆ, ಈ ಸಲ ಡಬ್ಬಿ ತಗೊಂಡು ಹೋಗಿ. ಎಲ್ಲರ ಜೊತೆ ಸೇರಿ ಮಾಡುವ ದೊಡ್ಡ ಅಡುಗೆ, ನಾಲ್ಕಾರು ಕೈ ಓಡಾಡುತ್ತವೆ, ಬಡಿಸುವವರು ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕಿಯೇ ಹಾಕುತ್ತಾರೆ, ಅದನ್ನು ನಿಂತು ಕಾಯುವುದಕ್ಕೆ ನಿಮ್ಮ ಗೆಳತಿಗೂ ಆಗುವುದಿಲ್ಲ. ಅವಳೊಬ್ಬಳ ಕೈಯಡುಗೆ ಉಣ್ಣುವ ಪ್ರಯೋಗವನ್ನು ಆಮೇಲೆ ಯಾವಾಗಲಾದರೂ, ನೀವಿಬ್ಬರೇ ಇರುವಾಗ, ನೀವೂ ಅಡುಗೆಮನೆಯಲ್ಲಿ ಜೊತೆಗೆ ನಿಂತು ಮಾಡಿ. ಎಲ್ಲರಿಗೂ ಆಗುವಷ್ಟು ಏನಾದರೂ ಒಂದನ್ನು ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು, ಆದರೆ ನಿಮ್ಮ ಪಾಲನ್ನು ಮೊದಲೇ ಬೇರೆ ತೆಗೆದಿಟ್ಟುಕೊಳ್ಳಿ.

ಊಟದ ದಿನ ಯಾರಾದರೂ 'ಒಂದು ತುತ್ತು, ನನಗೋಸ್ಕರ' ಅಂತ ತಟ್ಟೆ ಹಿಡಿದು ಬಂದೇ ಬರುತ್ತಾರೆ. ಅವರಿಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ. ಅದನ್ನು ಯಜಮಾನರಿಗೆ ವಹಿಸಿ. 'ಅವಳಿಗೆ ಆಗಲ್ಲ, ಹುಷಾರು ತಪ್ಪುತ್ತೆ, ಅದನ್ನ ನನಗೆ ಕೊಡಿ' ಅಂದರೆ ಮುಗಿಯಿತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಈ ಮೂರು ದಿನದ ಕಥೆಯನ್ನೂ ಹೇಳಿ. ಆ್ಯಂಟಿಬಾಡಿ ರಕ್ತಪರೀಕ್ಷೆ (ಗ್ಲುಟೆನ್‌ಗೆ ದೇಹ ಇನ್ನೂ ಪ್ರತಿಕ್ರಿಯಿಸುತ್ತಿದೆಯಾ ಅಂತ ನೋಡುವುದು) ಮಾಡಿಸಿ ತುಂಬಾ ದಿನ ಆಗಿದ್ದರೆ ಅದನ್ನೂ ಕೇಳಿಕೊಳ್ಳಿ.