ಇಂಟರ್‌ಕಾಂಟಿನೆಂಟಲ್ ಕಪ್ ಜಪಾನಿಗೆ ಹೋದದ್ದೇಕೆ, ನಿಂತದ್ದೇಕೆ?

ನೀವು ಕೇಳಿರುವುದು ಮೂರು ಪ್ರಶ್ನೆ: ಯುರೋಪ್ ಮತ್ತು ದಕ್ಷಿಣ ಅಮೆರಿಕದ ಫುಟ್‌ಬಾಲ್ ಕ್ಲಬ್ ಚಾಂಪಿಯನ್ನರ ಪಂದ್ಯ ಜಪಾನಿನಲ್ಲಿ ಏಕೆ ನಡೆಯುತ್ತಿತ್ತು, 2004ರ ನಂತರ ಏಕೆ ನಿಂತಿತು, ಅದನ್ನು ಗೆದ್ದವರನ್ನು ವಿಶ್ವ ಚಾಂಪಿಯನ್ ಎನ್ನಬಹುದೇ. ಹಳೆಯ ಪಂದ್ಯಗಳ ದೃಶ್ಯ ಹುಡುಕಿ ನೋಡುವುದು ನನಗೊಂದು ಚಟ. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಟೊಯೊಟಾ ಕಂಪನಿ ದುಡ್ಡು ಕೊಟ್ಟಿತು, ಅದಕ್ಕೇ ಜಪಾನಿಗೆ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ದುಡ್ಡು ಬರುವ ಹೊತ್ತಿಗೆ ಈ ಟೂರ್ನಿ ಹೆಚ್ಚುಕಡಿಮೆ ಸತ್ತೇ ಹೋಗಿತ್ತು. ಅದನ್ನು ಕೊಂದದ್ದು ತವರಿನಂಗಳ.

1960ರಲ್ಲಿ ಆರಂಭವಾದಾಗ ವ್ಯವಸ್ಥೆ ಸರಳವಾಗಿತ್ತು. ಅವರ ಊರಿನಲ್ಲಿ ಒಂದು ಪಂದ್ಯ, ಇವರ ಊರಿನಲ್ಲಿ ಒಂದು. ಮೊದಲ ವರ್ಷ ಉರುಗ್ವೆಯ ಪೆನ್ಯರೋಲ್ ಮಾಂಟೆವಿಡಿಯೊದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 0–0ಯಲ್ಲಿ ತಡೆದು, ಮ್ಯಾಡ್ರಿಡ್‌ಗೆ ಹೋಗಿ 5–1ರಿಂದ ಸೋತಿತು. ಆಗ ಒಟ್ಟು ಗೋಲುಗಳ ಲೆಕ್ಕವಿರಲಿಲ್ಲ, ಗೆಲುವು, ಡ್ರಾಗೆ ಸಿಗುವ ಅಂಕಗಳ ಲೆಕ್ಕ ಮಾತ್ರ. 1961ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಪೆನ್ಯರೋಲ್ ವಿರುದ್ಧ ಲಿಸ್ಬನ್‌ನಲ್ಲಿ 1–0ಯಿಂದ ಗೆದ್ದು, ಮಾಂಟೆವಿಡಿಯೊದಲ್ಲಿ 5–0ಯಿಂದ ಸೋತರೂ ಎರಡೂ ತಂಡಗಳು ಸಮಸಮ ಎಂದಾಯಿತು! ಮೂರನೆಯ ಪಂದ್ಯ ಆಡಿಸಬೇಕಾಯಿತು, ಪೆನ್ಯರೋಲ್ 2–1ರಿಂದ ಗೆದ್ದಿತು. ಮರುವರ್ಷ ಪೆಲೆಯ ಸ್ಯಾಂಟೋಸ್ ಲಿಸ್ಬನ್‌ಗೇ ಹೋಗಿ ಬೆನ್ಫಿಕಾವನ್ನು 5–2ರಿಂದ ಮಣಿಸಿತು. ಪೆಲೆ ಹ್ಯಾಟ್ರಿಕ್ ಬಾರಿಸಿದರು. ಅಂಥ ಆಟ ನೋಡಿದವರಿಗೆ ಮುಂದಿನ ರಾದ್ಧಾಂತದ ಸುಳಿವೇ ಸಿಕ್ಕಿರಲಾರದು.

1967ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಮತ್ತು ಅರ್ಜೆಂಟೀನಾದ ರೇಸಿಂಗ್ ಮುಖಾಮುಖಿಯಾದವು. ರೇಸಿಂಗ್‌ನ ತವರು ಅವೆಲ್ಲನೇಡಾದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಆಟ ಶುರುವಾಗುವ ಮೊದಲೇ ಸೆಲ್ಟಿಕ್ ಗೋಲ್‌ಕೀಪರ್ ರಾನಿ ಸಿಂಪ್ಸನ್ ಅವರ ತಲೆಗೆ ಏನೋ ಬಡಿದು ರಕ್ತ ಬಂತು, ಬದಲಿ ಕೀಪರ್ ಇಳಿಯಬೇಕಾಯಿತು. ತಲಾ ಒಂದು ಗೆಲುವು ಆದ್ದರಿಂದ ನಿರ್ಣಾಯಕ ಪಂದ್ಯ ಮಾಂಟೆವಿಡಿಯೊದಲ್ಲಿ. ಅಲ್ಲಿ ಫುಟ್‌ಬಾಲ್‌ಗಿಂತ ಜಗಳವೇ ಹೆಚ್ಚು ನಡೆಯಿತು. ಪೊಲೀಸರು ಮೈದಾನಕ್ಕೆ ಇಳಿದರು. ಪರಾಗ್ವೆಯ ರೆಫರಿ ಸೆಲ್ಟಿಕ್‌ನ ನಾಲ್ವರನ್ನೂ ರೇಸಿಂಗ್‌ನ ಇಬ್ಬರನ್ನೂ ಹೊರಗೆ ಕಳುಹಿಸಿದರು. ಅವರಲ್ಲಿ ಬರ್ಟಿ ಆಲ್ಡ್ ಎಂಬ ಆಸಾಮಿ ಹೊರಗೆ ಹೋಗಲೇ ಇಲ್ಲ! ರೆಫರಿಗೂ ಸಾಕಾಗಿರಬೇಕು, ಆಲ್ಡ್ ಕೊನೆಯವರೆಗೂ ಆಡಿದರು. ಕಾರ್ಡೆನಾಸ್ ದೂರದಿಂದ ಹೊಡೆದ ಸೊಗಸಾದ ಗೋಲಿನಿಂದ ರೇಸಿಂಗ್ 1–0ಯಿಂದ ಗೆದ್ದದ್ದು ಈ ಗದ್ದಲದಲ್ಲಿ ಮರೆತೇ ಹೋಗುತ್ತದೆ. ಸೆಲ್ಟಿಕ್ ಆಡಳಿತ ತನ್ನ ಆಟಗಾರರಿಗೇ ತಲಾ 250 ಪೌಂಡ್ ದಂಡ ಹಾಕಿತು.

ಎರಡು ವರ್ಷದ ನಂತರದ್ದು ಇದಕ್ಕಿಂತ ಕೆಟ್ಟದು. ಮಿಲಾನ್ ತಂಡ ಊರಿನಲ್ಲಿ 3–0ಯಿಂದ ಗೆದ್ದು ಬ್ಯೂನಸ್ ಐರಿಸ್‌ಗೆ ಬಂತು. ಎದುರಾಳಿ ಎಸ್ಟುಡಿಯಾಂಟೆಸ್. ಮಿಲಾನ್ ಪರ ಆಡುತ್ತಿದ್ದ ನೆಸ್ಟರ್ ಕಾಂಬಿನ್ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಫ್ರಾನ್ಸ್ ಪರ. ಅವರ ಮೂಗು ಮುರಿಯಿತು. ರಕ್ತ ಮೆತ್ತಿದ ಬಿಳಿ ಅಂಗಿಯ ಕಾಂಬಿನ್ ಚಿತ್ರ ಈಗಲೂ ಸಿಗುತ್ತದೆ. ಪಂದ್ಯ ಮುಗಿದ ಮೇಲೆ, ಕಡ್ಡಾಯ ಸೇನಾ ಸೇವೆ ತಪ್ಪಿಸಿಕೊಂಡಿದ್ದಾರೆ ಎಂದು ಅಲ್ಲಿನ ಪೊಲೀಸರು ಅವರನ್ನೇ ಹಿಡಿದುಕೊಂಡು ಹೋದರು. ಫ್ರಾನ್ಸ್‌ನಲ್ಲಿ ಸೇವೆ ಮುಗಿಸಿದ್ದಾರೆಂದು ಗೊತ್ತಾದ ಮೇಲೆ ಬಿಟ್ಟರು. ಎಸ್ಟುಡಿಯಾಂಟೆಸ್ ಆಟಗಾರರು ಮಾಡಿದ್ದನ್ನು ಅವರ ಸರ್ಕಾರವೂ ಸಹಿಸಲಿಲ್ಲ: ಮೂವರು ಜೈಲಿಗೆ ಹೋದರು, ಗೋಲ್‌ಕೀಪರ್ ಪೊಲೆಟ್ಟಿಗೆ ಆಜೀವ ನಿಷೇಧ ಬಿತ್ತು. ನಿಷೇಧವನ್ನು ಆಮೇಲೆ ಹಿಂಪಡೆದರು, ಆ ಮಾತು ಬೇರೆ.

ಇಷ್ಟಾದ ಮೇಲೂ 1970ರಲ್ಲಿ ಅದೇ ಎಸ್ಟುಡಿಯಾಂಟೆಸ್ ವಿರುದ್ಧ ಫೆಯೆನೂರ್ಡ್ ಆಡಿತು. ರಾಟರ್‌ಡ್ಯಾಮ್‌ನಲ್ಲಿ ಬದಲಿ ಆಟಗಾರನಾಗಿ ಬಂದ ಯೋಪ್ ವ್ಯಾನ್ ಡಾಲೆ ಕನ್ನಡಕ ಹಾಕಿಕೊಂಡೇ ಆಡುವವರು. ಗೆಲುವಿನ ಗೋಲು ಹೊಡೆದದ್ದೂ ಅವರೇ. ಎದುರಾಳಿಗಳು ಆ ಕನ್ನಡಕ ಕಿತ್ತು ಮುರಿದು ಹಾಕಿದರು. ಮೂಳೆ ಮುರಿದ ಪಂದ್ಯಗಳ ನಡುವೆ ಕನ್ನಡಕ ಯಾವ ಲೆಕ್ಕ ಎನ್ನಬಹುದು, ನನಗೆ ಮಾತ್ರ ಈ ಟೂರ್ನಿಯ ಸಣ್ಣತನವೆಲ್ಲ ಅದರಲ್ಲೇ ಕಾಣುತ್ತದೆ.

ಯುರೋಪಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. 1971ರಲ್ಲೂ 1973ರಲ್ಲೂ ಅಯಾಕ್ಸ್ ಒಲ್ಲೆ ಎಂದಿತು. 1974ರಲ್ಲಿ ಬಯರ್ನ್, 1977ರಲ್ಲಿ ಲಿವರ್‌ಪೂಲ್, 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಅವರ ಬದಲಿಗೆ ರನ್ನರ್ ಅಪ್ ತಂಡಗಳು ಆಡಿದವು. 1975 ಮತ್ತು 1978ರಲ್ಲಿ ಟೂರ್ನಿ ನಡೆಯಲೇ ಇಲ್ಲ. ಹೊಡೆದಾಟದ ಭಯ ಒಂದು ಕಾರಣ. ಲೀಗ್ ನಡುವೆ ಅಟ್ಲಾಂಟಿಕ್ ದಾಟಿ ಹೋಗಿಬರುವಷ್ಟು ಆದಾಯ ಇರಲಿಲ್ಲ ಎಂಬುದು ಇನ್ನೊಂದು. 1979ರಲ್ಲಿ ಫಾರೆಸ್ಟ್ ಬದಲಿಗೆ ಆಡಿದ ಸ್ವೀಡನ್ನಿನ ಮಾಲ್ಮೊ ತಂಡದ ಊರಿನಲ್ಲಿ ಪಂದ್ಯ ನೋಡಲು ಬಂದವರು ಐದು ಸಾವಿರಕ್ಕೂ ಕಡಿಮೆ!

ಇಂಥ ಹೊತ್ತಿನಲ್ಲಿ ಟೊಯೊಟಾ ಬಂತು. ಇಬ್ಬರಿಗೂ ಸೇರದ ಊರು, ಒಂದೇ ಪಂದ್ಯ, ಕೈತುಂಬ ಹಣ. 1980ರ ಸಾಲಿನ ಪಂದ್ಯ 1981ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ನಡೆಯಿತು. ಉರುಗ್ವೆಯ ನ್ಯಾಷನಲ್ ಕ್ಲಬ್ ನಾಟಿಂಗ್‌ಹ್ಯಾಮ್ ಫಾರೆಸ್ಟನ್ನು 1–0ಯಿಂದ ಸೋಲಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಜಿಕೊ ನಾಯಕತ್ವದ, ಬ್ರೆಜಿಲ್‌ನ ಫ್ಲಮೆಂಗೊ ಲಿವರ್‌ಪೂಲ್ ವಿರುದ್ಧ ವಿರಾಮಕ್ಕೇ 3–0 ಮುನ್ನಡೆ ಪಡೆದಿತ್ತು. ಜಪಾನಿನ ಮಧ್ಯಾಹ್ನವೆಂದರೆ ಬ್ರೆಜಿಲ್‌ಗೆ ನಡುರಾತ್ರಿ. ಆ ದೇಶ ನಿದ್ದೆಗೆಟ್ಟು ನೋಡಿತು. ಪಂದ್ಯಶ್ರೇಷ್ಠನಿಗೆ ಕಾರು ಬಹುಮಾನ.

ಟೋಕಿಯೊ ಪಂದ್ಯಗಳಿಗೆ ಅವುಗಳದೇ ಬಣ್ಣ, ಸದ್ದು ಇದೆ. ಚಳಿಗಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹುಲ್ಲು, ಬಿಡುವಿಲ್ಲದೆ ಮೊಳಗುವ ಪ್ಲಾಸ್ಟಿಕ್ ತುತ್ತೂರಿ. ನಾನು ಮತ್ತೆ ಮತ್ತೆ ನೋಡುವುದು 1987ರದ್ದು, ಪೋರ್ಚುಗಲ್‌ನ ಪೋರ್ಟೊ ಮತ್ತು ಪೆನ್ಯರೋಲ್. ಅಂದು ಹಿಮ ಬೀಳುತ್ತಿತ್ತು. ಚೆಂಡು ಉರುಳುತ್ತಲೇ ಇರಲಿಲ್ಲ, ಕೆಸರುಹಿಮದಲ್ಲಿ ಹೂತು ನಿಲ್ಲುತ್ತಿತ್ತು. ಹೆಚ್ಚುವರಿ ಅವಧಿಯಲ್ಲಿ ಅಲ್ಜೀರಿಯಾದ ಮಾಜೆರ್ ದೂರದಿಂದಲೇ ಕೀಪರ್ ತಲೆಯ ಮೇಲೆ ಚೆಂಡನ್ನು ಎತ್ತಿ ಹಾಕಿ 2–1 ಮಾಡಿದರು. ನೆಲ ಆಡಗೊಡದಿದ್ದಾಗ ಗಾಳಿಯಲ್ಲಿ ಆಡಿದ ಬುದ್ಧಿವಂತಿಕೆ ಅದು.

ಹಾಗಾದರೆ ನಿಂತದ್ದೇಕೆ? ಉಳಿದ ಖಂಡಗಳೂ ಕ್ಲಬ್ ಫುಟ್‌ಬಾಲ್ ಆಡುತ್ತವೆ, ಇಬ್ಬರೇ ಆಡಿ ಜಗತ್ತನ್ನು ಗೆದ್ದೆವು ಎಂದರೆ ಹೇಗೆ ಎಂಬ ಆಕ್ಷೇಪ ಹಳೆಯದು. ಫಿಫಾ 2000ದಲ್ಲಿ ಬ್ರೆಜಿಲ್‌ನಲ್ಲಿ ತನ್ನದೇ ಕ್ಲಬ್ ವಿಶ್ವಕಪ್ ನಡೆಸಿ, 2005ರಿಂದ ಎರಡನ್ನೂ ಒಂದು ಮಾಡಿತು. ನನ್ನ ಅಭಿಪ್ರಾಯದಲ್ಲಿ ಪೈಪೋಟಿ ಅದಕ್ಕೂ ಮೊದಲೇ ಸೊರಗಿತ್ತು. 43 ಬಾರಿಯ ಲೆಕ್ಕದಲ್ಲಿ ದಕ್ಷಿಣ ಅಮೆರಿಕ 22, ಯುರೋಪ್ 21 ಗೆದ್ದಿವೆ ಎಂದರೆ ಸಮಬಲ ಎನಿಸುತ್ತದೆ. ಆದರೆ 1994ರವರೆಗೆ ಅದು 20–13 ಇತ್ತು. ಕೊನೆಯ ಹತ್ತರಲ್ಲಿ ಎಂಟು ಯುರೋಪಿನ ಪಾಲು, ಉಳಿದೆರಡೂ ಬೋಕಾ ಜೂನಿಯರ್ಸ್‌ನದು. ಯುರೋಪಿಯನ್ ಒಕ್ಕೂಟದ ಆಟಗಾರರ ಸಂಖ್ಯೆಯ ಮೇಲಿದ್ದ ಮಿತಿ ತೆಗೆದ 1995ರ ಬೋಸ್ಮನ್ ತೀರ್ಪಿನ ನಂತರ ಯುರೋಪಿನ ಕ್ಲಬ್‌ಗಳಲ್ಲಿ ವಿದೇಶಿ ಆಟಗಾರರಿಗೆ ಜಾಗ ಹೆಚ್ಚಿತು, ಬ್ರೆಜಿಲ್ ಮತ್ತು ಅರ್ಜೆಂಟೀನಾದ ಹುಡುಗರು ಎಳವೆಯಲ್ಲೇ ಅತ್ತ ಹೊರಟರು. ತವರಿನಲ್ಲಿ ಉಳಿದವರು ಎಷ್ಟು ಗೆಲ್ಲಬಲ್ಲರು? 2004ರ ಡಿಸೆಂಬರ್ 12ರಂದು ಯೊಕೊಹಾಮಾದಲ್ಲಿ ನಡೆದ ಕೊನೆಯ ಪಂದ್ಯವನ್ನೂ ಪೋರ್ಟೊ ಗೆದ್ದಿತು, ಕೊಲಂಬಿಯಾದ ಒನ್ಸ್ ಕಾಲ್ಡಾಸ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ 8–7. ಹೆಸರನ್ನು ಫಿಫಾ 2024ರಲ್ಲಿ ಮತ್ತೆ ಬಳಕೆಗೆ ತಂದಿದೆ, ಅದು ಬೇರೆಯದೇ ಟೂರ್ನಿ.

ಇನ್ನು ವಿಶ್ವ ಚಾಂಪಿಯನ್ ಪ್ರಶ್ನೆ. ಎನ್ನಬಹುದು. 2017ರ ಅಕ್ಟೋಬರಿನಲ್ಲಿ ಫಿಫಾ 1960ರಿಂದ 2004ರವರೆಗಿನ ಎಲ್ಲ ವಿಜೇತರಿಗೂ ಆ ಮಾನ್ಯತೆ ಕೊಟ್ಟಿತು. 1974ರಲ್ಲಿ ಬಯರ್ನ್ ಹಿಂದೆ ಸರಿದಾಗ ಆಡಿದ್ದು, ಅದೇ ಬಯರ್ನ್ ಎದುರು ಯುರೋಪಿಯನ್ ಕಪ್ ಫೈನಲ್ ಸೋತಿದ್ದ ಅಟ್ಲೆಟಿಕೊ ಮ್ಯಾಡ್ರಿಡ್. ಅವರು ಅರ್ಜೆಂಟೀನಾದ ಇಂಡಿಪೆಂಡಿಯೆಂಟೆಯನ್ನು ಸೋಲಿಸಿ ಕಪ್ ಒಯ್ದರು. ಹೀಗಾಗಿ ಯುರೋಪನ್ನು ಇನ್ನೂ ಒಮ್ಮೆಯೂ ಗೆಲ್ಲದ ಅಟ್ಲೆಟಿಕೊ ಹೆಸರು ಜಗತ್ತನ್ನು ಗೆದ್ದವರ ಪಟ್ಟಿಯಲ್ಲಿದೆ.