ಓವರ್‌ಲೋಡ್ ದಂಡ ಮಾಲೀಕರೇ ಕಟ್ಟಿದರೆ ಡ್ರೈವರ್‌ಗೆ ತೊಂದರೆ ಇಲ್ಲವೇ?

"ಹಿಡದ್ರ ದಂಡ ನಾ ಕಟ್ತೀನಿ, ನೀ ಗಾಡಿ ಹೊಡಿ" ಅಂತ ಮಾಲೀಕರು ಹೇಳುತ್ತಾರೆ, ರಾಣೆಬೆನ್ನೂರಿನಿಂದ ಗೋವಿನಜೋಳ ತುಂಬಿಕೊಂಡು ಹೋಗಲೇ ಎಂದು ಕೇಳಿದ್ದೀರಿ. ಇದೇ ಮಾತನ್ನು ನಾನೂ ಸ್ಟೇರಿಂಗ್ ಹಿಂದೆ ಕೂತು ಕೇಳಿದವನು. ದಂಡ ಯಾರು ಕಟ್ಟುತ್ತಾರೆ ಎಂಬ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ. ದಂಡ ಯಾರೇ ಕಟ್ಟಲಿ, ಅಮಾನತಾಗುವುದು ನಿಮ್ಮ ಲೈಸೆನ್ಸ್.

ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಗಾಡಿ ಓಡಿಸಿದವನನ್ನೂ ಓಡಿಸಲು ಬಿಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000, ಜತೆಗೆ ಮಾಲು ಇಳಿಸುವ ಖರ್ಚು. ಹೆಚ್ಚಿನ ಮಾಲು ಇಳಿಯುವವರೆಗೆ ಗಾಡಿ ಕದಲುವಂತಿಲ್ಲ. 5 ಟನ್ ಹೆಚ್ಚಿದ್ದರೆ ದಂಡವೇ 30,000. ಆಮೇಲೆ ಹಮಾಲಿ, ಇನ್ನೊಂದು ಗಾಡಿಯ ಬಾಡಿಗೆ. ಇಳಿಸಿದ ಮಾಲಿನ ಜವಾಬ್ದಾರಿಯೂ ನಿಮ್ಮ ಕಡೆಯದೇ. ರಾತ್ರಿ ಮಳೆ ಬಂದು ಚೀಲ ನೆನೆದರೆ ಅಧಿಕಾರಿಯನ್ನು ಕೇಳುವಂತಿಲ್ಲ.

ಡ್ರೈವರ್‌ಗಳು ನಿಜವಾಗಿ ಸಿಕ್ಕಿಬೀಳುವುದು ಚೆಕಿಂಗ್ ಜಾಗದಲ್ಲಿ ಅಲ್ಲ, ಗೋದಾಮಿನ ಗೇಟಿನಲ್ಲಿ: ಬಿಲ್ಟಿಯಲ್ಲಿ (ಮಾಲು ಸಾಗಣೆಯ ಚೀಟಿ) ಬರೆದ ತೂಕ ನಂಬಿ, ಕಾಟಾ (ಗಾಡಿ ಸಮೇತ ತೂಗುವ ಯಂತ್ರ) ಮಾಡಿಸದೆ ಹೊರಡುವಾಗ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಕೇಸು ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಹತ್ತು ಚಕ್ರದ ಗಾಡಿ ಎಂದುಕೊಳ್ಳಿ. 2018ರ ಜುಲೈ ಅಧಿಸೂಚನೆಯಂತೆ ಮೂರು ಆಕ್ಸಲ್ (ಚಕ್ರಗಳ ಅಚ್ಚು) ಗಾಡಿಗೆ ಮಾಲು ಸೇರಿ ಒಟ್ಟು 28.5 ಟನ್, ಮೊದಲು 25 ಇತ್ತು. ಆದರೆ ಅಧಿಕಾರಿ ನೋಡುವುದು ನಿಮ್ಮ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಏನಿದೆ ಎಂಬುದನ್ನು. ಹಳೆ ಗಾಡಿಯಲ್ಲಿ 25 ಎಂದೇ ಇದ್ದರೆ ನಿಮಗೆ 25. ಖಾಲಿ ಗಾಡಿ 10 ಟನ್ ಎಂದು ಹಿಡಿದರೆ 28.5ರಲ್ಲಿ ಮಾಲಿಗೆ ಉಳಿಯುವುದು 18.5, ಅಂದರೆ 50 ಕೆಜಿಯ 370 ಚೀಲ. ಸುಗ್ಗಿಯಲ್ಲಿ ಹಸಿ ಜೋಳ ಬಿಗಿದು ತುಂಬಿ ಚೀಲ 57 ಕೆಜಿ ಬಂದರೆ ಅದೇ 370 ಚೀಲ 21 ಟನ್ ದಾಟುತ್ತದೆ. ಯಾರೂ ಒಂದು ಚೀಲವನ್ನೂ ಹೆಚ್ಚಿಗೆ ಹಾಕಿಲ್ಲ, ಆದರೂ ಗಾಡಿ ಎರಡೂವರೆ ಟನ್ ಓವರ್‌ಲೋಡ್. ಆರ್‌ಸಿಯ ಖಾಲಿ ತೂಕವನ್ನೂ ನಂಬಬೇಡಿ. ಎತ್ತರಿಸಿದ ಬಾಡಿ, ಎರಡು ತಾಡಪತ್ರಿ, ಹಗ್ಗ, ಸ್ಟೆಪ್ನಿ, 300 ಲೀಟರ್ ಡೀಸೆಲ್ ತುಂಬಿದ ಟ್ಯಾಂಕು. ಆ ಡೀಸೆಲ್ ಒಂದೇ ಸುಮಾರು 250 ಕೆಜಿ.

ಬಿಲ್ಟಿಯಲ್ಲಿ ಮಾತ್ರ 18 ಟನ್ ಎಂದೇ ಇರುತ್ತದೆ, ಕೆಳಗೆ ನಿಮ್ಮ ಸಹಿ. ಓವರ್‌ಲೋಡ್ ತಮಗೆ ಗೊತ್ತೇ ಇರಲಿಲ್ಲ ಎನ್ನಲು ಮಾಲೀಕರಿಗೆ ಆ ಬಿಲ್ಟಿ ಸಾಕು. "ನಾನು ಕಳಿಸಿದ್ದು 18 ಟನ್, ದಾರಿಯಲ್ಲಿ ಇವನೇ ಯಾರದೋ ಮಾಲು ಹತ್ತಿಸಿಕೊಂಡಿದ್ದಾನೆ" ಎಂದರೆ ನಿಮ್ಮ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಆದ್ದರಿಂದ ಲೋಡಿಗೆ ಮೊದಲು ಒಂದು ಕಾಟಾ, ಲೋಡ್ ಆದಮೇಲೆ ಇನ್ನೊಂದು. ಗಾಡಿಯ ಎಲ್ಲ ಚಕ್ರಗಳೂ ಪ್ಲಾಟ್‌ಫಾರ್ಮ್ ಮೇಲೆ ಇರಬೇಕು, ಹಮಾಲರೂ ಕ್ಲೀನರೂ ಕೆಳಗಿಳಿದಿರಬೇಕು, ಹತ್ತುವ ಮೊದಲು ಯಂತ್ರ ಸೊನ್ನೆ ತೋರಿಸುತ್ತಿರಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಚಾಲ್ತಿಯಲ್ಲಿರುವ ಕಾಟಾಕ್ಕೇ ಹೋಗಿ. ಸ್ಲಿಪ್ಪಿನಲ್ಲಿ ಗಾಡಿ ನಂಬರ್ ಅಲ್ಲೇ ನಿಂತು ಓದಿ. ಒಂದು ಅಂಕಿ ತಪ್ಪಿದ್ದರೂ ಆ ಚೀಟಿ ನಿಮ್ಮ ಗಾಡಿಯದು ಎಂದು ಸಾಬೀತು ಮಾಡುವುದು ಕಷ್ಟ. ಅದರ ಫೋಟೋ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿ, ಕೆಳಗೆ ಹೀಗೆ ಬರೆಯಿರಿ: "ಸಾಹುಕಾರ್ರೇ, ಆರ್‌ಸಿಗಿಂತ ಇಷ್ಟು ಟನ್ ಹೆಚ್ಚಿದೆ, ಇಳಿಸ್ಲಿಕ್ಕೆ ಹೇಳ್ರಿ." ಫೋನ್ ಮಾತು ಸಾಲದು. ಈ ಮೆಸೇಜ್ ನಿಮ್ಮನ್ನು 194ರಿಂದ ಪೂರ್ತಿ ಬಿಡಿಸುವುದಿಲ್ಲ, ಓಡಿಸಿದವರು ನೀವೇ. ಆದರೆ ಹಮಾಲರು ಇನ್ನೂ ಅಲ್ಲೇ ಇರುವಾಗ ಹೆಚ್ಚಿನ ಚೀಲ ಇಳಿಸಿಸಲು ನಿಮಗೆ ಆಧಾರವಾಗುತ್ತದೆ. ಇಳಿಸದಿದ್ದರೆ ಕೀಲಿ ಕೊಟ್ಟು ಬನ್ನಿ. ಹೊಟ್ಟೆಪಾಡು ಗೊತ್ತಿದ್ದೇ ಹೇಳುತ್ತಿದ್ದೇನೆ. ಹೆವಿ ಲೈಸೆನ್ಸ್ ಇದ್ದವನಿಗೆ ಹುಬ್ಬಳ್ಳಿಯಲ್ಲಿ ಇನ್ನೊಂದು ಗಾಡಿ ಸಿಗುತ್ತದೆ, ಲೈಸೆನ್ಸ್ ಅಮಾನತಾದವನಿಗೆ ಸಿಗುವುದಿಲ್ಲ.

ಒಟ್ಟು ತೂಕ ಸರಿ ಇದ್ದೂ ಒಂದೇ ಆಕ್ಸಲ್ ಮೇಲೆ ಹೆಚ್ಚು ಬಿದ್ದರೆ ಅದೂ ಉಲ್ಲಂಘನೆಯೇ. ಗದಗ ಕಡೆಯಿಂದ ಕಬ್ಬಿಣ ತರುವವರು ಇದನ್ನು ಗಮನಿಸಬೇಕು. ಹತ್ತಿ, ಬ್ಯಾಡಗಿ ಮೆಣಸಿನಕಾಯಿಯಂಥ ಹಗುರ ಮಾಲು ತೂಕದಲ್ಲಿ ಸಿಕ್ಕುವುದಿಲ್ಲ, ಆದರೆ ಬಾಡಿಯಿಂದ ಪಕ್ಕಕ್ಕೆ, ಹಿಂದಕ್ಕೆ ಅಥವಾ ಮಿತಿಗಿಂತ ಎತ್ತರಕ್ಕೆ ಚಾಚಿದರೆ ಅದಕ್ಕೂ 20,000. ಮರಳು, ಜಲ್ಲಿಯಾದರೆ ಗಣಿ ಇಲಾಖೆಯ ಪರವಾನಗಿಯಲ್ಲಿರುವ ಪ್ರಮಾಣ ಮೀರಿದ್ದಕ್ಕೆ ಪ್ರತ್ಯೇಕ ಕೇಸು.

ಗಾಡಿ ತಡೆದರೆ ನಿಲ್ಲಿಸಿ. ಅಡ್ಡದಾರಿ ಹಿಡಿಯುವುದು, ಕಾಟಾಕ್ಕೆ ಮೊದಲೇ ಮಾಲು ಇಳಿಸುವುದು ಬೇಡವೇ ಬೇಡ. ತೂಕಕ್ಕೆ ಒಪ್ಪದಿದ್ದರೂ, ತೂಕಕ್ಕೆ ಮುಂಚೆ ಮಾಲು ತೆಗೆದರೂ 40,000. ಮುಂದಿನ ದಾರಿಯಲ್ಲಿ 10 ಕಿ.ಮೀ. ಒಳಗಿನ, ಇಲ್ಲವೇ ಮುಟ್ಟುವ ಊರಿನಿಂದ 20 ಕಿ.ಮೀ. ಒಳಗಿನ ಕಾಟಾಕ್ಕೆ ಕರೆದೊಯ್ಯಲು ಅಧಿಕಾರಿಗೆ ಹಕ್ಕಿದೆ. ಕಣ್ಣಂದಾಜಿನ ಮೇಲೆ ಚಲನ್ ಬರೆಯಹೊರಟರೆ ತೂಕ ಮಾಡಿಸಿ ಎಂದು ಮರ್ಯಾದೆಯಿಂದ ಕೇಳಿ, ಆ ಸ್ಲಿಪ್ಪಿನ ಫೋಟೋ ಇಟ್ಟುಕೊಳ್ಳಿ. ಮಾಲು ಇಳಿಸುವ ಆದೇಶ ಬರವಣಿಗೆಯಲ್ಲಿ ಇರಬೇಕು.

ಘಾಟಿನ ವಿಷಯ ಬೇರೆಯೇ. ಯಲ್ಲಾಪುರ ದಾಟಿ ಅರಬೈಲು ಇಳಿಯುವಾಗ ಹೆಚ್ಚುವರಿ ತೂಕಕ್ಕೆ ಲೈನರ್ ಕಾದು ಬ್ರೇಕ್ ಹಿಡಿಯುವುದಿಲ್ಲ. ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದವರೆಗೆ ಜೈಲು. ಆ ಎಫ್‌ಐಆರ್‌ನಲ್ಲಿ ಮೊದಲು ಬರುವುದು ಡ್ರೈವರ್ ಹೆಸರು.

ಇನ್ನು ಲೈಸೆನ್ಸ್. ಗೂಡ್ಸ್ ಗಾಡಿಯಲ್ಲಿ ಓವರ್‌ಲೋಡ್ ಒಯ್ಯುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮದಲ್ಲಿ ಹೆಸರಿಸಿದ ಕೃತ್ಯ. ಇದಕ್ಕೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಅಮಾನತಿಗೆ ಮುಂಚೆ ನಿಮ್ಮ ಮಾತು ಕೇಳಲೇಬೇಕು, ಅದಕ್ಕೆ ನೋಟಿಸ್ ಬರುತ್ತದೆ, ಬರುವುದು ಲೈಸೆನ್ಸಿನಲ್ಲಿರುವ ವಿಳಾಸಕ್ಕೆ. ಊರು ಬಿಟ್ಟು ಬಂದು ವಿಳಾಸ ಬದಲಿಸದಿದ್ದರೆ ನೋಟಿಸ್ ಬಂದದ್ದೇ ಗೊತ್ತಾಗದೆ ಆದೇಶ ಆಗಿಬಿಡುತ್ತದೆ. ಈ ವಾರವೇ ಬದಲಿಸಿಕೊಳ್ಳಿ. ಅಮಾನತಿನ ಅವಧಿಯಲ್ಲಿ ಓಡಿಸಿ ಸಿಕ್ಕರೆ 182ನೇ ಕಲಂ: 3 ತಿಂಗಳವರೆಗೆ ಜೈಲು, ಅಥವಾ 10,000 ದಂಡ, ಅಥವಾ ಎರಡೂ. ಆದೇಶದ ವಿರುದ್ಧ ಮೇಲ್ಮನವಿಗೆ ಅದು ಕೈಸೇರಿದ ದಿನದಿಂದ 30 ದಿನ ಇರುತ್ತದೆ. ನೋಟಿಸ್ ಬಂದಾಗ ಮಾಲೀಕರ ಗುಮಾಸ್ತನ ಕೈಗೆ ಕೊಡಬೇಡಿ, ನೀವೇ ಆರ್‌ಟಿಓ ಕಚೇರಿಗೆ ಹೋಗಿ. ಎರಡೂ ಕಾಟಾ ಸ್ಲಿಪ್, ಬಿಲ್ಟಿ, ವಾಟ್ಸಾಪ್ ಮೆಸೇಜಿನ ಪ್ರಿಂಟ್ ಲಗತ್ತಿಸಿ ಉತ್ತರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ.